ಮೂವತ್ತೆರಡನೇ ಕೌದಿ

ಶಿಬಿರ ನಡೆದದ್ದು ಎರಡು ರಾತ್ರಿ. ಅದಕ್ಕೆಂದು ಊರವರಿಂದ ಕಡ ತಂದ ಸಾಮಾನು ತಿರುಗಿ ಮುಟ್ಟಿಸಲು ಹಿಡಿದದ್ದು ಒಂಬತ್ತು ದಿನ. ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಓಣಿ ಹಿಡಿದೆ. ಗಿರಣಿಯವರ ತಾಡಪತ್ರಿ, ಆಶಾ ಕಾರ್ಯಕರ್ತೆಯ ಔಷಧದ ಡಬ್ಬಿ, ಐದು ಮನೆಯ ಬ್ಯಾಟರಿ, ಅಂಗನವಾಡಿಯ ಚಾಪೆ, ಯಾರದೋ ಮದುವೆಗೆ ಅಂತ ತಂದು ಅಟ್ಟದ ಮೇಲೆ ಉಳಿದಿದ್ದ ಎರಡು ದೊಡ್ಡ ಬೋಗಾಣಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎಡಕ್ಕೆ ಕೊಟ್ಟವರು, ಬಲಕ್ಕೆ ಸಾಮಾನು ಬರೆದಿಟ್ಟಿದ್ದೆ. ಮುಟ್ಟಿಸಿದ ಮೇಲೆ ಒಂದು ಗೀಟು. ಹೋದ ಮನೆಯಲ್ಲೆಲ್ಲ ಚಹಾ ಕುಡಿಯದೆ ಬಿಡಲಿಲ್ಲ. ಆ ಲೆಕ್ಕ ಮಾತ್ರ ಬರೆದಿಲ್ಲ.

ಎಲ್ಲದಕ್ಕೂ ಗೀಟು ಬಿದ್ದ ಮೇಲೆ ಒಂದು ಸಾಮಾನು ಉಳಿಯಿತು. ಪುಟದಲ್ಲಿ ಅದರ ಹೆಸರೇ ಇರಲಿಲ್ಲ. ಇದನ್ನು ಬರೆಯಲು ಕೂತದ್ದೇ ಅದರ ಸಲುವಾಗಿ. ಆದರೆ ಮೊದಲಿನಿಂದ ಹೇಳದಿದ್ದರೆ ಅದು ಯಾಕೆ ಉಳಿಯಿತು ಅಂತ ತಿಳಿಯುವುದಿಲ್ಲ. ಮಕ್ಕಳ ಹೆಸರು ಬರೆಯುವುದಿಲ್ಲ. ಒಬ್ಬ ಹುಡುಗನ ವಿಷಯದಲ್ಲಿ ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ನಮ್ಮೂರವರೇ ಓದಿದರೂ ಇವನೇ ಅವನು ಅಂತ ಬೆರಳು ತೋರಿಸಬಾರದು.

ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಹೇಳುವುದು ವಿಜ್ಞಾನ, ಗಣಿತ. ಸಮಾಜ ವಿಜ್ಞಾನದ ಮಾಸ್ತರು ರಜೆ ಇದ್ದಾಗ ಅದೂ ನನ್ನ ತಲೆಗೆ. ಹಾಗೆ ಒಂದು ದಿನ ಏಳನೇ ತರಗತಿಯಲ್ಲಿ ನದಿಗಳ ಪಾಠ ತೆಗೆದು, ತುಂಗಭದ್ರೆ ನೋಡಿದವರು ಕೈ ಎತ್ತಿ ಎಂದೆ. 31 ಮಕ್ಕಳಲ್ಲಿ ನಾಲ್ಕು ಕೈ ಎದ್ದವು. ನಾಲ್ವರೂ ಹುಲಿಗೆಮ್ಮನ ಜಾತ್ರೆಗೆ ಹೋದವರು. "ಹೊಳಿ ಹ್ಯಾಂಗಿತ್ತು?" ಎಂದರೆ ಒಬ್ಬ "ಭಾಳ ಮಂದಿ ಇದ್ರು ಟೀಚರ್" ಅಂದ.

ತುಂಗಭದ್ರಾ ಅಣೆಕಟ್ಟಿನ ಎಡ ತುದಿ ಇರುವುದು ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೇ. ಕಟ್ಟಿ ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆ ಅಲ್ಲಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಅಂತ ಮೂಡಲಕ್ಕೆ ಹೋಗಿಬಿಡುತ್ತದೆ, ನಮ್ಮ ಕಡೆ ತಿರುಗಿ ನೋಡುವುದಿಲ್ಲ. ನಮ್ಮದು ಸಜ್ಜೆ, ಕಡಲೆ, ಹಿಂಗಾರಿ ಜೋಳದ ಸೀಮೆ. ಮೋಡ ನೋಡುವ ಮಂದಿ ನಾವು. ಒಂದೇ ಜಿಲ್ಲೆಯ ನಕ್ಷೆಯಲ್ಲಿ ಇಷ್ಟು ಹತ್ತಿರ ಇರುವ ಹೊಳೆಯನ್ನು ಮಕ್ಕಳಿಗೆ ತೋರಿಸದೆ ನಾನು ಹದಿನಾಲ್ಕು ವರ್ಷ ಕಲಿಸಿದ್ದೆ.

ಪ್ರವಾಸ ನಮ್ಮ ಶಾಲೆಗೆ ಹೊಸದಲ್ಲ. ಎರಡು ದಿನದಲ್ಲಿ ಎಂಟು ಊರು, ರಾತ್ರಿಯೆಲ್ಲ ಬಸ್ಸು, ಎಲ್ಲಿ ಇಳಿದರೂ ಸಾಲು, ಸಾಲಿನ ಕೊನೆಯಲ್ಲಿ ಒಂದು ಗ್ರೂಪ್ ಫೋಟೊ. ಮಕ್ಕಳಿಗೆ ಆಮೇಲೆ ನೆನಪಿರುವುದು ಯಾರು ಎಲ್ಲಿ ವಾಂತಿ ಮಾಡಿಕೊಂಡರು ಅಂತ. ಈ ಸಲ ಒಂದೇ ಜಾಗಕ್ಕೆ ಹೋಗಿ ಅಲ್ಲೇ ಎರಡು ರಾತ್ರಿ ಇರಬೇಕು ಅಂತ ಹಟ ಹಿಡಿದೆ. ಆನೆಗೊಂದಿ ಕಡೆ ಒಂದು ಮಾವಿನ ತೋಪಿನಲ್ಲಿ ನಾಲ್ಕು ಜನ ಹುಡುಗ ಹುಡುಗಿಯರು ಶಾಲಾ ಮಕ್ಕಳಿಗೆ ಡೇರೆ ಹಾಕಿ ಶಿಬಿರ ಮಾಡಿಸುತ್ತಾರೆ ಅಂತ ಗೊತ್ತಾಗಿತ್ತು. ಸರಕಾರಿ ಶಾಲೆಯವರು ಅಂದದ್ದಕ್ಕೆ ಅರ್ಧ ದುಡ್ಡಿಗೆ ಒಪ್ಪಿದರು. ಹಾಸಿಗೆ ಹೊದಿಕೆ ನಾವೇ ತರಬೇಕು.

ಮುಖ್ಯ ಗುರುಗಳು ಒಂದೇ ಮಾತು ಕೇಳಿದರು. "ಮೇಡಂ, ಮುಂಜಾನೆ ಹೋಗಿ ಸಂಜಿಕ ಬರೂದು ಇಟ್ಟುಕೊಳ್ರಿ. ರಾತ್ರಿ ಯಾಕ ಬೇಕು?" ನನಗೆ ಬೇಕಾದದ್ದು ರಾತ್ರಿಯೇ. ಆದರೆ ಅದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು? ಕಾಗದ ಮೇಲಿನ ಕಚೇರಿಯಿಂದ ಎರಡು ಸಲ ತಿರುಗಿ ಬಂತು. ಒಮ್ಮೆ ಬಸ್ಸಿನ ವಿವರ ಇಲ್ಲ ಅಂತ, ಇನ್ನೊಮ್ಮೆ 'ಹೊರಾಂಗಣ ಶಿಬಿರ' ಎಂಬ ಬಾಬತ್ತು ನಮೂನೆಯಲ್ಲಿ ಇಲ್ಲ ಅಂತ. ಕೊನೆಗೆ ಅಲ್ಲಿಯ ಗುಮಾಸ್ತರೇ ಫೋನ್ ಮಾಡಿ, "ಶೈಕ್ಷಣಿಕ ಪ್ರವಾಸ ಅಂತ ಬರದು ಕಳಸ್ರಿ ಮೇಡಂ, ಒಳಗ ನೀವು ಡೇರೆ ಹಾಕ್ರಿ, ಗುಡಿಸಲಾ ಹಾಕ್ರಿ" ಅಂದರು. ಷರತ್ತುಗಳು ಬಂದವು: ಸರಕಾರಿ ಬಸ್ಸೇ ಆಗಬೇಕು, ಹೆಣ್ಣುಮಕ್ಕಳ ಜೊತೆ ಮಹಿಳೆಯರು ಇರಬೇಕು, ಪ್ರತಿ ಮಗುವಿನ ಪಾಲಕರ ಒಪ್ಪಿಗೆ ಪತ್ರ ಬೇಕು, ಮಕ್ಕಳನ್ನು ನೀರಿಗೆ ಇಳಿಸಕೂಡದು. ಆಗ ಸಿಟ್ಟು ಬಂದಿತ್ತು. ಹೊಳೆಯ ದಂಡೆಯಲ್ಲಿ ನಿಂತು ಆ ಪಾತ್ರದ ಬಂಡೆಗಳ ನಡುವೆ ನೀರು ತಿರುಗುವುದನ್ನು ಕಂಡಾಗ ಕೊನೆಯ ಷರತ್ತು ಬರೆದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಒಪ್ಪಿಗೆ ಪತ್ರ ಅಂದರೆ ಪೇಟೆಯ ಶಾಲೆಗಳಲ್ಲಿ ಒಂದು ಸಂಜೆಯ ಕೆಲಸ ಇರಬಹುದು. ನಮ್ಮಲ್ಲಿ ಹನ್ನೊಂದು ಮಕ್ಕಳ ಅಪ್ಪ ಅವ್ವ ಇಬ್ಬರೂ ದುಡಿಯಲು ಗುಳೆ ಹೋಗಿದ್ದರು. ಬೆಂಗಳೂರು, ಮಂಗಳೂರು, ಇನ್ನೂ ಎಲ್ಲೆಲ್ಲೋ. ಮುಖ್ಯ ಗುರುಗಳ ಫೋನಿಗೆ ಸಹಿಯ ಫೋಟೊಗಳು ಬಂದವು: ಸಿಮೆಂಟ್ ಚೀಲದ ಹರಿದ ಕಾಗದದ ಮೇಲೆ ಒಂದು, ಬೀಡಿ ಪ್ಯಾಕಿನ ಹಿಂದೆ ಒಂದು. ಒಬ್ಬ ತಂದೆ ಕಟ್ಟುತ್ತಿರುವ ಮನೆಯ ಎಂಟನೇ ಮಾಳಿಗೆಯ ಮೇಲಿಂದ ಧ್ವನಿ ಕಳಿಸಿದ್ದ. ಗಾಳಿಯ ಸದ್ದೇ ಹೆಚ್ಚು, ನಡುವೆ "ಒಪ್ಪೀನ್ರಿ ಸರ, ಒಪ್ಪೀನಿ" ಅಂತ ಎರಡು ಸಲ. ಅದನ್ನು ಫೈಲಿಗೆ ಹೇಗೆ ಹಚ್ಚುವುದು ಅಂತ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಮುಖ್ಯ ಗುರುಗಳು ಆ ಮಾತನ್ನು ಕೈಯಾರೆ ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. ಮೊದಲು ಬೇಡ ಅಂದವರು ಅವರೇ. ನೋಟ್‌ಬುಕ್ಕಿನ ಎಡ ಸಾಲಿನಲ್ಲಿ ಅವರ ಹೆಸರೂ ಇದೆ, ಬಲಕ್ಕೆ 'ಸಹಿ' ಅಂತ ಬರೆದಿದ್ದೇನೆ. ಅದಕ್ಕೆ ಗೀಟು ಎಳೆಯುವುದು ಹೇಗೆ ಅಂತ ತಿಳಿದಿಲ್ಲ.

ಒಂದು ಹೆಬ್ಬೆಟ್ಟಿಗಾಗಿ ಮಾತ್ರ ಮೂರು ಸಲ ಅಲೆದೆ. ಆ ಹುಡುಗ ಅಜ್ಜಿಯ ಹತ್ತಿರ ಇರುವವನು. ಅಜ್ಜಿ ಕಟ್ಟೆಯ ಮೇಲೆ ಕೂತು ಕಡ್ಡಿ ಮುರಿದ ಹಾಗೆ ಹೇಳಿದರು: "ಆ ಗುಡ್ಡದಾಗ ಚಿರತಿ ಅದಾವಂತ. ನಾ ಕಳಸಂಗಿಲ್ಲ ಅಕ್ಕೋರ." ಆನೆಗೊಂದಿ ಸುತ್ತ ಚಿರತೆ ಇರುವುದು ಸುಳ್ಳಲ್ಲ, ಆದ್ದರಿಂದ ನನ್ನ ಬಳಿ ಉತ್ತರವೂ ಇರಲಿಲ್ಲ. ಎರಡನೇ ಸಲವೂ ಚಿರತೆ. ಮೂರನೇ ಸಲ ಹೋದಾಗ ಅಜ್ಜಿ ಬೇರೆಯೇ ಏನೋ ಕೇಳಿದರು: "ರಾತ್ರಿ ಎಲ್ಲಾ ಹುಡುಗರೂ ಒಂದ ಕಡೆ ಮಲಗ್ತಾರೇನು?" ಒಂದು ಡೇರೆಗೆ ನಾಲ್ಕು ಜನ ಎಂದೆ. ಅಜ್ಜಿ ಹುಡುಗನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಕೈ ಮುಂದೆ ಮಾಡಿ, "ಒತ್ತಿಸಿಕೊಳ್ರಿ" ಅಂದರು. ಚಿರತೆಯ ವಾದದಲ್ಲಿ ಗೆದ್ದೆ ಅಂತ ಖುಷಿಯಿಂದ ಮನೆಗೆ ಬಂದೆ. ಎಂಥ ದಡ್ಡಿ ನಾನು.

ಹೊದಿಕೆಗೆ ಕೌದಿ. ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ. ಅವ್ವನ ಹಳೆ ಸೀರೆ, ಅಜ್ಜನ ಧೋತರ, ಹರಿದ ಅಂಗಿ ಎಲ್ಲ ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ದಾರ ಓಡಿಸಿದ್ದು. ಹೊದ್ದರೆ ಮೈಮೇಲೆ ಯಾರೋ ಕೈ ಇಟ್ಟ ಹಾಗೆ ಭಾರ. 31 ಕೌದಿ ಬಂದವು. ಗೊಂದಲ ಆಗಬಾರದು ಅಂತ ಮೂಲೆಗೊಂದು ಬಿಳಿ ಚಿಂದಿ ಹೊಲಿದು ಹಾಜರಿ ನಂಬರು ಬರೆಸಿದೆ. ಇದೊಂದು ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದ್ದು ಅಂತ ಈಗ ಅನ್ನಿಸುತ್ತದೆ.

ಡಿಸೆಂಬರಿನ ಒಂದು ಶುಕ್ರವಾರ ಹೊತ್ತು ಹುಟ್ಟುವ ಮೊದಲೇ ಹೊರಟೆವು. 31 ಮಕ್ಕಳು, ನಾನು, ಪಿ.ಟಿ. ಮಾಸ್ತರು, ನಮ್ಮ ಬಿಸಿಯೂಟದ ಅಕ್ಕ. ಡ್ರೈವರಣ್ಣ ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ತಾವರಗೇರಾ ದಾಟಿ ಕನಕಗಿರಿಗೆ ಬಂದಾಗ, ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವ ಗಾದೆ ಹೇಳಿದೆ. ಕಣ್ಣಿದ್ದವರಲ್ಲಿ ಅರ್ಧ ಜನ ನಿದ್ದೆ ಹೋಗಿದ್ದರು. ಗಂಗಾವತಿ ಬಂತು, ನೆಲದ ಬಣ್ಣವೇ ಬೇರೆ ಆಯಿತು. ಭತ್ತ ಕೊಯ್ದ ಗದ್ದೆ, ಹುಲ್ಲಿನ ಬಣವೆ, ರಸ್ತೆಯ ಪಕ್ಕಕ್ಕೇ ದಂಡೆ ತುಂಬಿ ಹರಿಯುವ ಕಾಲುವೆ. ಕಿಟಕಿಗೆ ಮುಖ ಒತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಇಷ್ಟೂ ನೀರು ಯಾರವು?"

ಪಿ.ಟಿ. ಮಾಸ್ತರು "ಸರಕಾರದ್ದು" ಅಂದರು. ಡ್ರೈವರಣ್ಣ ಕನ್ನಡಿಯಲ್ಲೇ ನೋಡಿ, "ಕೆಳಗ ಗದ್ದಿ ಇದ್ದವರವು ಬೇ" ಅಂದರು. ಇಡೀ ದಾರಿಯಲ್ಲಿ ಅವರು ಆಡಿದ ಮೊದಲ ಮಾತು ಅದು.

ಡೇರೆ ಹಾಕುವುದು, ಹಗ್ಗದ ಗಂಟು, ದಿಕ್ಸೂಚಿ ಇವನ್ನೆಲ್ಲ ಶಿಬಿರದ ಹುಡುಗಿ ಚಂದ ಕಲಿಸಿದಳು. ಗಂಟಿನಲ್ಲಿ ನಮ್ಮವರು ಅವಳಿಗೇ ಒಂದೆರಡು ಕಲಿಸಿ ಬಂದರು, ದನ ಕಟ್ಟುವ ಮಕ್ಕಳು. ಸಂಜೆ ಹೊಳೆ ದಂಡೆಗೆ ಹೋದೆವು. ನೀರಿಗೆ ಇಳಿಯುವ ಹಾಗಿಲ್ಲ, ಹರಿಗೋಲು ಹತ್ತುವ ಹಾಗಿಲ್ಲ. ಮಕ್ಕಳ ಮುಖ ನೋಡಿ ಹರಿಗೋಲಿನವನಿಗೇ ಪಾಪ ಅನ್ನಿಸಿತೋ ಏನೋ, ಬುಟ್ಟಿಯನ್ನು ಮರಳಿನ ಮೇಲೆ ಎಳೆದು ತಂದ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಮೊದಲೆಲ್ಲ ತೊಗಲು ಹೊದಿಸುತ್ತಿದ್ದರಂತೆ. ಎಂಟೆಂಟು ಜನರನ್ನು ಕೂರಿಸಿ ಮರಳಿನ ಮೇಲೇ ಅದನ್ನು ತಿರುಗಿಸಿದ. ನಾಲ್ಕು ಪಾಳಿ. ಬಿಸಿಯೂಟದ ಅಕ್ಕನೂ ಒಂದು ಪಾಳಿಯಲ್ಲಿ ಕೂತಳು. ದುಡ್ಡು ಕೊಡಹೋದರೆ, "ನೀರಿಗಿಳಿಸಿದ್ರ ತಗೋತಿದ್ದೆ" ಅಂದ. ಇದೇ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿಗಳಿಗೆ ಅಂತ ಸಂರಕ್ಷಿತ ಪ್ರದೇಶ ಮಾಡಿದ್ದಾರೆ ಅಂತ ನಾನು ವಿವರಿಸುತ್ತಿದ್ದೆ. ಅವನು ನಡುವೆ ಬಾಯಿ ಹಾಕಿ, "ನಮ್ಮ ಬಲಿ ಹರೀತಾವ್ರಿ ಅವು, ಮೀನ ತಿಂದು ತಲಿ ಅಷ್ಟ ಬಿಡ್ತಾವ" ಅಂದ. ಮಕ್ಕಳು ನನ್ನ ಪಾಠ ಬಿಟ್ಟು ಅವನ ಸುತ್ತ ಕೂತರು. ನೀರುನಾಯಿ ಮಾತ್ರ ಕಾಣಲಿಲ್ಲ.

ಆ ರಾತ್ರಿಯದನ್ನು ಸ್ವಲ್ಪ ನಿಧಾನ ಹೇಳಬೇಕು. ಊಟ ಆದ ಮೇಲೆ ದೀಪವೆಲ್ಲ ಆರಿಸಿ ತಾಡಪತ್ರಿಯ ಮೇಲೆ ಮಲಗಿಸಿದರು. ಶಿಬಿರದ ಹುಡುಗ ಹಸಿರು ಬೆಳಕಿನ ಕಡ್ಡಿಯಿಂದ ಮೂಡಲ ದಿಕ್ಕು ತೋರಿಸುತ್ತ, "ಇಗೋ ಗೊಂಚಲು, ಇದು ಕೃತ್ತಿಕಾ. ಅದರ ಕೆಳಗೆ ಕೆಂಪಗೆ ಕಾಣುವುದು ರೋಹಿಣಿ" ಅಂದ. ಕತ್ತಲಲ್ಲಿ ಒಂದು ದನಿ: "ರೋಹಿಣಿ ಮಳಿ ಅಂತಾರಲ್ಲ, ಆ ರೋಹಿಣೀನಾ?"

ಹುಡುಗನಿಗೆ ತಿಳಿಯಲಿಲ್ಲ. ನನಗೆ ಮೈ ಜುಮ್ಮೆಂದಿತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಕೇಳಿಕೊಂಡೇ ಬೆಳೆದವಳು ನಾನು. ಪುಸ್ತಕದ ನಕ್ಷತ್ರಪುಂಜಗಳನ್ನೂ ವರ್ಷ ವರ್ಷ ಕಲಿಸಿದವಳು. ಎರಡನ್ನೂ ಒಂದು ದಿನವೂ ಕೂಡಿಸಿ ನೋಡಿರಲಿಲ್ಲ. ಎದ್ದು ಕೂತು ಹೇಳಿದೆ: ಹೌದು, ಅದೇ ರೋಹಿಣಿ. ಸೂರ್ಯ ಒಂದೊಂದು ನಕ್ಷತ್ರದ ನೇರಕ್ಕೆ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ ತಿಂಗಳ ಕೊನೆಗೆ ರೋಹಿಣಿಯ ನೇರಕ್ಕೆ ಬರುತ್ತಾನೆ, ಆಗ ಬೀಳುವ ಮಳೆಗೆ ಆ ಹೆಸರು. ಆದರೆ ಆಗ ಚಿಕ್ಕೆ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಆರು ತಿಂಗಳ ಮೇಲೆ, ಈಗ, ಸೂರ್ಯ ಆ ಕಡೆ ಇದ್ದಾನೆ, ಇದು ಈ ಕಡೆ ಇದೆ. ಅದಕ್ಕೇ ಮಳೆ ಇರುವಾಗ ಚಿಕ್ಕೆ ಕಾಣದು, ಚಿಕ್ಕೆ ಕಾಣುವಾಗ ಮಳೆ ಇಲ್ಲ.

"ಹಂಗಾರ ಮಿರಗ ಎಲ್ಲೈತಿ?" ಅಂತ ಇನ್ನೊಬ್ಬ. ರೋಹಿಣಿಯ ಕೆಳಗೆ ಮೃಗಶಿರ ತೋರಿಸಿದೆ. "ಆರಿದ್ರಿ?" ಆರಿದ್ರಾ ಆಗಷ್ಟೇ ಮಾವಿನ ಮರದ ತಲೆಯ ಮೇಲೆ ಬಂದಿತ್ತು. ಅಷ್ಟರಲ್ಲಿ ಅಡುಗೆ ಬೋಗಾಣಿ ತಿಕ್ಕುತ್ತಿದ್ದ ಬಿಸಿಯೂಟದ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, ಪುಷ್ಯ, ಮಗಿ, ಹುಬ್ಬಿ, ಉತ್ತರಿ, ಚಿತ್ತಿ, ಸ್ವಾತಿ ಅಂತ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ಯಾವ ಮಳೆಗೆ ಏನು ಬಿತ್ತುವುದು ಅನ್ನುವುದನ್ನೂ ಸೇರಿಸಿದಳು. ಮೂರನೇ ಇಯತ್ತೆ ಬಿಟ್ಟವಳು. ಆಮೇಲೆ ತಲೆ ಎತ್ತಿ ನಿಂತೇ ಇದ್ದಳು. "ಇಷ್ಟ ದಿನ ಹೆಸರು ಅಷ್ಟ ಕೇಳಿದ್ವಿ ಟೀಚರ್, ಮಾರಿ ನೋಡಿದ್ದು ಇವತ್ತ." ಮುಖ್ಯ ಗುರುಗಳು ಕೇಳಿದ್ದ 'ರಾತ್ರಿ ಯಾಕ ಬೇಕು' ಅನ್ನುವುದಕ್ಕೆ ಉತ್ತರ ಸಿಕ್ಕಿತ್ತು, ಅದೂ ಅರ್ಜಿಯಲ್ಲಿ ಬರೆಯುವಂಥದ್ದಲ್ಲ.

ಮರುದಿನ ಮುಂಜಾನೆ ಬಸ್ಸು ಹತ್ತಿದರೆ ಹಿಂದಿನ ಸೀಟಿನ ಉದ್ದಕ್ಕೂ ಒಂದು ಹಸಿ ಕೌದಿ ಹರವಿತ್ತು. ಕೆಳಗೆ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನನಗೆ ರೇಗಿತು. "ಏನಣ್ಣಾ ಇದು, ಮಕ್ಕಳು ಕೂಡೋ ಸೀಟಿನ ಮ್ಯಾಲ ಹಸಿ ಅರಿಬಿ?" ಎಂದೆ. ದನಿ ಸ್ವಲ್ಪ ಏರಿಯೇ ಇತ್ತು, ಮಕ್ಕಳೆಲ್ಲ ಕೇಳಿಸಿಕೊಂಡರು. ಡ್ರೈವರಣ್ಣ ಸ್ಟೇರಿಂಗ್ ಒರೆಸುತ್ತಲೇ, "ನಂದ ಮೇಡಂ. ರಾತ್ರಿ ನೀರಿನ ಕ್ಯಾನು ಉರುಳಿತು. ಬಿಸಲಿಗೆ ಒಣಗ್ತೈತಿ" ಅಂದರು. ಹಿಂದಿನ ಸೀಟಿನವರನ್ನು ಮುಂದೆ ಮೂವರು ಮೂವರಾಗಿ ಇಕ್ಕಟ್ಟಿನಲ್ಲಿ ಕೂರಿಸಿದೆ, ಗೊಣಗುತ್ತ.

ಅವತ್ತು ಹಿರೇಬೆಣಕಲ್ ಗುಡ್ಡ. ಹತ್ತುವಾಗ ನನ್ನ ಇನ್ನೊಂದು ತಪ್ಪು ಬಯಲಾಯಿತು. 'ಬೂಟು ಕಡ್ಡಾಯ' ಅಂತ ಪಟ್ಟಿಯಲ್ಲಿ ಬರೆದಿದ್ದೆ. ಸರಕಾರ ಕೊಟ್ಟ ಬೂಟು ಡಿಸೆಂಬರಿನ ಹೊತ್ತಿಗೆ ಬೆಳೆಯುವ ಕಾಲಿಗೆ ಹಿಡಿಯುವುದಿಲ್ಲ ಅನ್ನುವುದು ತರಗತಿಯಲ್ಲಿ ದಿನಾ ನೋಡುವ ನನಗೇ ಹೊಳೆದಿರಲಿಲ್ಲ. ಹನ್ನೆರಡು ಮಕ್ಕಳು ಹವಾಯಿ ಚಪ್ಪಲಿಯಲ್ಲಿ ಬಂದಿದ್ದರು. ಬಂಡೆಯ ಮೇಲೆ ಒಬ್ಬೊಬ್ಬರದೇ ಪಟ್ಟಿ ಕಿತ್ತುಬಂತು. ಬಸ್ಸಿನ ಹತ್ತಿರವೇ ಉಳಿಯಬೇಕಿದ್ದ ಡ್ರೈವರಣ್ಣ ಜೇಬಿನಲ್ಲಿ ತಂತಿ, ಇಕ್ಕಳ ಹಾಕಿಕೊಂಡು ನಮ್ಮ ಹಿಂದೆಯೇ ಹತ್ತಿದರು. ಮೇಲೆ ಹೋಗುವಷ್ಟರಲ್ಲಿ ಐದು ಜೊತೆ ಸರಿಮಾಡಿದ್ದರು.

ಮೇಲಿನದು ಬೇರೆಯೇ ಊರು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲಿನ ಕೋಣೆಗಳು, ಸುಮಾರು ನಾನೂರು ಇವೆ, ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಸತ್ತವರ ನೆನಪಿಗೆ ಕಟ್ಟಿದ್ದು ಅಂತ ನಾನು. ಜೊತೆಗೆ ಬಂದ ಊರಿನ ಹಿರಿಯರು, "ಇವು ಮೋರೇರ ಮನಿ. ಗಿಡ್ಡ ಮಂದಿ ಇದ್ರು" ಅಂದರು. ಮಕ್ಕಳು ಯಾರ ಮಾತು ನಂಬಿದರು ಅಂತ ಕೇಳಬೇಡಿ. ಕಿಂಡಿಯಲ್ಲಿ ತಲೆ ತೂರಿಸಿ ಒಳಗೆ ಒಲೆ ಎಲ್ಲಿತ್ತು, ಮಲಗುವುದು ಎಲ್ಲಿ ಅಂತ ಜಾಗ ಹಂಚಿದ್ದೇ ಹಂಚಿದ್ದು.

ಇಳಿಯುವಾಗ ಒಬ್ಬ ಹುಡುಗಿ ಬಂಡೆಯ ಹಿಂದೆ ಅಳುತ್ತ ಕೂತಳು. ಅವಳಿಗೆ ಮೊದಲ ಸಲ ಅದು. ನಾನು ಹೇಳಲು ಮಾತು ಹುಡುಕುವಷ್ಟರಲ್ಲಿ ಬಿಸಿಯೂಟದ ಅಕ್ಕ ತನ್ನ ಸೆರಗಿನ ಮರೆ ಮಾಡಿ, ಚೀಲದಿಂದ ಬೇಕಾದದ್ದು ತೆಗೆದು, ನಗಿಸಿ, ಎಬ್ಬಿಸಿಕೊಂಡು ಬಂದಿದ್ದಳು. ರಾತ್ರಿ ಆ ಹುಡುಗಿಗೆ ಒಂದು ಹಿಡಿ ಬೆಲ್ಲ ಕೊಬ್ಬರಿ ಹೆಚ್ಚು ಸಿಕ್ಕಿತು. ಅಷ್ಟೇ ಆಚರಣೆ.

ಎರಡನೇ ರಾತ್ರಿ ನನಗೆ ಗಾಢ ನಿದ್ದೆ. ಮುಂಜಾನೆ ಪಿ.ಟಿ. ಮಾಸ್ತರು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ದೂರು ಹೇಳಿದರು. ಡ್ರೈವರಣ್ಣ ನಡುರಾತ್ರಿ ಅವರನ್ನು ಎಬ್ಬಿಸಿ, "ಚಿರತಿ ಸುಳಿದಾಡೋ ಜಾಗಾ ಸರ. ಹುಡುಗರು ಒಬ್ಬೊಬ್ಬರ ಎದ್ದು ಹೋದ್ರ ಗತಿ ಏನು? ಎಲ್ಲಾರನ್ನೂ ಒಂದ ಸಲ ಎಬ್ಬಿಸಿ ಕರಕೊಂಡು ಹೋಗಿ ಬಂದುಬಿಡ್ರಿ" ಅಂದರಂತೆ. ಹದಿನಾಲ್ಕು ಗಂಡುಹುಡುಗರನ್ನು ಚಳಿಯಲ್ಲಿ ಎಬ್ಬಿಸಿ, ಬ್ಯಾಟರಿ ಹಿಡಿದು, ಸಾಲಿನಲ್ಲಿ ಒಯ್ದು, ತಿರುಗಿ ಮಲಗಿಸುವಷ್ಟರಲ್ಲಿ ಮಾಸ್ತರ ನಿದ್ದೆ ಹಾರಿಹೋಗಿತ್ತು. "ಚಿರತಿ ಅಂತ, ಚಿರತಿ" ಅಂತ ಮಾಸ್ತರು ದಾರಿಯುದ್ದಕ್ಕೂ ಗೊಣಗಿದರು. ನಾನೂ ನಕ್ಕೆ.

ಊರಿಗೆ ಬಂದ ಸಂಜೆ ಶಾಲೆಯ ವರಾಂಡದಲ್ಲಿ ತಾಡಪತ್ರಿಯ ಗಂಟು ಬಿಚ್ಚಿ ನಂಬರು ಕೂಗಿ ಕೂಗಿ ಕೌದಿ ಹಂಚಿದೆವು. ಮೂವತ್ತೊಂದೂ ಹೋದವು. ತಾಡಪತ್ರಿಯ ಮೇಲೆ ಇನ್ನೂ ಒಂದು ಬಿದ್ದಿತ್ತು. ಮೂಲೆಯಲ್ಲಿ ಚಿಂದಿ ಇಲ್ಲ, ನಂಬರಿಲ್ಲ. ಹಸಿರು ಸೀರೆಯ ಮೇಲ್ಪದರ, ಅಂಚಿಗೆ ಖಾಕಿ ಬಟ್ಟೆಯ ತೇಪೆ. ಶಿಬಿರದವರದಿರಬೇಕು ಅಂತ ಫೋನ್ ಮಾಡಿದೆ. ನಮ್ಮದಲ್ಲ ಅಂದರು. ಆಫೀಸ್ ರೂಮಿನ ಕಪಾಟಿನ ಮೇಲೆ ಇಟ್ಟು, ಉಳಿದದ್ದನ್ನು ಮುಟ್ಟಿಸುತ್ತ ಓಣಿ ತಿರುಗತೊಡಗಿದೆ.

ಒಂಬತ್ತನೇ ದಿನ ಆ ಅಜ್ಜಿ ತಾನೇ ಶಾಲೆಗೆ ಬಂದರು. ಮಕ್ಕಳೆಲ್ಲ ಹೋಗುವವರೆಗೆ ಬೇವಿನ ಗಿಡದ ಕೆಳಗೆ ಕೂತಿದ್ದು, ಆಮೇಲೆ ಒಳಗೆ ಬಂದರು. ಬಗಲಲ್ಲಿ ಕೌದಿ.

"ಇದನ್ನ ಯಾರು ಒಗದಾರ ಅಕ್ಕೋರ?"

ತಿಳಿಯಲಿಲ್ಲ ನನಗೆ. ಅಜ್ಜಿ ಕೌದಿಯ ಒಂದು ಮೂಲೆ ನನ್ನ ಮೂಗಿನ ಹತ್ತಿರ ಹಿಡಿದರು. ಬಟ್ಟೆ ಸೋಪಿನ ವಾಸನೆ. "ನಾ ಒಗದು ಕಳಿಸಿದ್ದಿಲ್ಲ. ಅವನೂ ಒಗದಿಲ್ಲಂತ. ಅವಗ ರಾತ್ರಿ..." ಅಂದು ನಿಲ್ಲಿಸಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಸಣ್ಣಾಂವ ಇದ್ದಾಗಿಂದ ಐತ್ರಿ. ನೀವು ಬಂದಾಗ ಹ್ಯಾಂಗ ಹೇಳ್ಲಿ? ಚಿರತಿ ಅಂದೆ."

ಕಪಾಟಿನ ಮೇಲಿನ ಕೌದಿಯ ಖಾಕಿ ತೇಪೆ ಆಗ ಕಣ್ಣಿಗೆ ಹೊಡೆಯಿತು. ಹಿಂದಿನ ಸೀಟು, ತೊಟ್ಟಿಕ್ಕುವ ನೀರು, ಉರುಳಿದ ಕ್ಯಾನ್, ನಡುರಾತ್ರಿ ಸಾಲಾಗಿ ಹೋದ ಹದಿನಾಲ್ಕು ಹುಡುಗರು. ಅಷ್ಟು ಮಂದಿಯೆದುರು ನಾನು ಏರಿಸಿದ ದನಿ.

ರಾತ್ರಿ ಡ್ರೈವರಣ್ಣನಿಗೆ ಫೋನ್ ಮಾಡಿದೆ. ಹಸಿರು ಕೌದಿ ನನ್ನ ಹತ್ತಿರ ಉಳಿದಿದೆ ಎಂದಾಗ, "ಹೌದ್ರಿ? ನಾ ಎಲ್ಲಿ ಬಿಟ್ಟೆ ಅಂತ ಮನಿಯಾಕಿ ಜಗಳ ತಗದಾಳ" ಅಂದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಮನಸ್ಸಿರಲಿಲ್ಲ. ನಾನೇ ಒತ್ತಿ ಕೇಳಿದೆ. ನಸುಕಿನಲ್ಲಿ ಅವರು ಎದ್ದಾಗ ಹುಡುಗ ಒದ್ದೆ ಕೌದಿ ಎಳೆದುಕೊಂಡು ನಲ್ಲಿಯ ಹತ್ತಿರ ನಿಂತಿದ್ದನಂತೆ, ಅದನ್ನು ಎತ್ತಲೂ ಆಗುತ್ತಿರಲಿಲ್ಲ. "ನೆನೆದ ಕೌದಿ ಅಂದ್ರ ಎಷ್ಟು ಭಾರ ಇರ್ತೈತಿ, ನಿಮಗ ಗೊತ್ತಿಲ್ಲೇನು." ತಾವೇ ಒಗೆದು ಹಿಂಡಿ ಬಸ್ಸಿಗೆ ತಂದರು. ರಾತ್ರಿಗೆ ತಮ್ಮದನ್ನು ಅವನಿಗೆ ಕೊಟ್ಟರು. ತಾವು ಏನು ಹೊದ್ದರು ಅಂತ ಕೇಳಿದೆ. "ಸ್ವೆಟರ್ ಇತ್ತು."

"ಅವತ್ತ ನನಗರ ಹೇಳಬೇಕಿತ್ತು ಅಣ್ಣಾ."

"ನಿಮಗ ಹೇಳಿದ್ರ ನೀವು ಅವನ್ನ ಬ್ಯಾರೆ ನಮೂನಿ ನೋಡ್ತಿದ್ರಿ ಮೇಡಂ. ನಾ ಹಾಸ್ಟೆಲಿನ್ಯಾಗ ಇದ್ದು ಓದಿದಾಂವ."

ಅಲ್ಲಿಗೆ ಬಿಟ್ಟು, ತಾವು ಮರುದಿನ ಯಾವ ಗಾಡಿಯಲ್ಲಿ ಇರುತ್ತೇನೆ ಅಂತ ಹೇಳಿದರು. ಅಜ್ಜಿಗೆ ಹೇಳಿ ಕಳಿಸಿದೆ. ಬೆಳಕು ಹರಿಯುವ ಮೊದಲೇ ಅಜ್ಜಿ ಒಂದು ಗಂಟು ತಂದಿಟ್ಟು ಹೋದರು: ಖಡಕ್ ರೊಟ್ಟಿ, ಗುರೆಳ್ಳ ಹಿಂಡಿ. ಯಾರು ಕೊಟ್ಟರು ಅಂತ ಹೇಳಬೇಡಿ ಅಂದರು. ಹೇಳದೆ ಅವರಿಗೆ ಹೇಗೆ ತಿಳಿದೀತು ಅಂತ ನಾನು ಕೇಳಲಿಲ್ಲ.

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಅವರ ಗಾಡಿ ಹೊರಡುವ ಹೊತ್ತಿಗೆ ಮುಟ್ಟಿದೆ. ಗದ್ದಲ. ಡ್ರೈವರ್ ಬಾಗಿಲ ಹತ್ತಿರ ಹೋಗಿ ಕೌದಿ ಮೇಲೆತ್ತಿ ಕೊಟ್ಟೆ, ಅದರ ಮೇಲೆ ರೊಟ್ಟಿಯ ಗಂಟು. ಅವತ್ತು ದನಿ ಏರಿಸಿದ್ದು ತಪ್ಪಾಯಿತು ಅಣ್ಣಾ ಅಂತ ಹೇಳಲು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವರು ಗಂಟಿನ ವಾಸನೆ ನೋಡಿ, "ಗುರೆಳ್ಳ?" ಅಂದರು. ಹೌದೆಂದೆ. ಕೌದಿಯನ್ನು ಮಡಿಸಿ ಬೆನ್ನ ಹಿಂದೆ ಒತ್ತಿಕೊಂಡರು.

"ನಿಮ್ಮ ಮಾಸ್ತರು ಅರಾಮ ಅದಾರ? ಚಿರತಿ ಕೇಳ್ತು ಅಂತ ಹೇಳ್ರಿ."

ಕಂಡಕ್ಟರ್ ಸೀಟಿ ಊದಿದ.